ಮುಖ ಸುಮ್ಮನಿದ್ದಾಗ ಮೆದುಳಿನಲ್ಲಿ ಏನು ನಡೆದಿರುತ್ತದೆ? ಪಾರ್ಕಿನ್ಸನ್ ಕಾಯಿಲೆ, ಭಾವನೆ ಮತ್ತು ಇಇಜಿ

ನಡುಕ, ಬಿಗಿತ, ಮಾತ್ರೆಯ ಹೊತ್ತು ಎಲ್ಲದರ ಮಾತು ಮುಗಿದು ಎದ್ದು ಹೊರಡುವಾಗ ರೋಗಿಯ ಮನೆಯವರು ದನಿ ತಗ್ಗಿಸಿ ಕೇಳುವ ಪ್ರಶ್ನೆ ಒಂದಿದೆ. "ಮೊಮ್ಮಗು ಬಂದು ತೊಡೆ ಮೇಲೆ ಕೂತರೂ ಇವರ ಮುಖದಲ್ಲಿ ನಗು ಮೂಡಲ್ಲ. ಇವರಿಗೆ ಏನೂ ಅನ್ನಿಸೋದೇ ಇಲ್ವಾ?"

ಈ ಒಂದು ಪ್ರಶ್ನೆಯ ಹೊಟ್ಟೆಯಲ್ಲಿ ಮೂರು ಪ್ರಶ್ನೆಗಳಿವೆ. ಖುಷಿಯಾಗಿದೆ, ಆದರೆ ಮುಖದ ಸ್ನಾಯು ಅದನ್ನು ತೋರಿಸುತ್ತಿಲ್ಲವೇ? ಮಗುವಿನ ಮುಖದಲ್ಲಿರುವ ಖುಷಿಯೇ ಇವರಿಗೆ ಗುರುತು ಸಿಗುತ್ತಿಲ್ಲವೇ? ಅಥವಾ ಗುರುತು ಸಿಕ್ಕರೂ ಒಳಗೆ ಏನೂ ಮಿಡಿಯುತ್ತಿಲ್ಲವೇ? ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ. ಒಳಗೆ ಮೂರೂ ಬೇರೆ ಬೇರೆ ದಾರಿಗಳು, ಅವು ಕೆಡುವ ಜಾಗಗಳೂ ಬೇರೆ. ಮೆದುಳಿನ ಅಲೆಗಳನ್ನು ಅಳೆಯುವ ಇಇಜಿಯನ್ನು ಈ ವಿಷಯಕ್ಕೆ ಎಳೆದು ತಂದದ್ದು ಈ ಮೂರನ್ನು ಬಿಡಿಸಿ ನೋಡಲಿಕ್ಕೆ. ಎಷ್ಟರಮಟ್ಟಿಗೆ ಬಿಡಿಸಲು ಆಗಿದೆ, ಎಲ್ಲಿ ಎಡವಿದ್ದೇವೆ ಎಂಬುದೇ ಇವತ್ತಿನ ಮಾತು.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ಮಂದಿಯ ಲಕ್ಷಣಗಳನ್ನು ವಿವರಿಸಿ, ಇಂದ್ರಿಯಗಳಿಗೂ ಬುದ್ಧಿಗೂ ಈ ಕಾಯಿಲೆಯಿಂದ ಧಕ್ಕೆಯಿಲ್ಲ ಎಂದು ಬರೆದರು. ಆ ಮಾತು ಬಹಳ ಕಾಲ ನಿಂತಿತು. ಇದು ಕೈಕಾಲಿನ ಕಾಯಿಲೆ, ಮನಸ್ಸಿಗೂ ಇದಕ್ಕೂ ಸಂಬಂಧವಿಲ್ಲ ಎಂದೇ ಜನ ನಂಬಿದರು. ಇವತ್ತು ಲೆಕ್ಕ ಬೇರೆ. ಸುಮಾರು ಮೂವರಲ್ಲಿ ಒಬ್ಬರಿಗೆ ಗಮನಿಸಬೇಕಾದಷ್ಟು ಖಿನ್ನತೆಯ ಲಕ್ಷಣಗಳಿರುತ್ತವೆ. ಐವರಲ್ಲಿ ಇಬ್ಬರಿಗೆ ನಿರಾಸಕ್ತಿ, ಅಂದರೆ ಯಾವುದಕ್ಕೂ ಮನಸ್ಸು ಏಳದ ಸ್ಥಿತಿ ಇರುತ್ತದೆ. ಡೋಪಮೈನ್ ಎಂಬ, ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕವನ್ನು ತಯಾರಿಸುವ ಕೋಶಗಳು ಸಾಯುವುದು ಮುಖ್ಯ ತೊಂದರೆ ನಿಜ. ಆದರೆ ಆಲ್ಫಾ ಸೈನ್ಯೂಕ್ಲಿನ್ ಎಂಬ ಪ್ರೋಟೀನು ಗಂಟುಕಟ್ಟಿ ಕೂರುವುದು ಆ ಒಂದೇ ಜಾಗದಲ್ಲಲ್ಲ. ಭಯ, ಆತಂಕಗಳ ಜೊತೆ ಹತ್ತಿರದ ಸಂಬಂಧವಿರುವ ಅಮಿಗ್ಡಲಾದಲ್ಲೂ ಆ ಗಂಟುಗಳು ಸಿಗುತ್ತವೆ.

ಮುಖದ ವಿಷಯ ಮೊದಲು ಮುಗಿಸೋಣ. ಈ ಕಾಯಿಲೆಯಲ್ಲಿ ಮುಖ ಮುಖವಾಡದ ಹಾಗೆ ಆಗುತ್ತದೆ. ಕಣ್ಣು ಮಿಟುಕಿಸುವುದು ಕೂಡ ಕಡಿಮೆ. ಫೋಟೋ ತೆಗೆಯುತ್ತೇವೆ, ನಗಿ ಎಂದರೆ ನಗಬಲ್ಲವರೂ, ತಮಾಷೆ ಕೇಳಿದಾಗ ತಾನಾಗಿ ನಗು ಮೂಡಿಸಲಾರರು. ಬೇಕೆಂದು ನಗುವ ದಾರಿ, ತಾನಾಗಿ ನಗುವ ದಾರಿ ಮೆದುಳಿನಲ್ಲಿ ಬೇರೆ ಬೇರೆ. ಹೆಚ್ಚು ಪೆಟ್ಟು ತಿನ್ನುವುದು ಎರಡನೆಯದು. ಹಾಗಾಗಿ ಬರೀ ಮುಖ ನೋಡಿ ಒಳಗಿನದನ್ನು ಅಳೆಯುವುದು ಈ ಕಾಯಿಲೆಯಲ್ಲಿ ನಂಬುವಂಥ ವಿಧಾನವೇ ಅಲ್ಲ.

ಇನ್ನು ಬೇರೆಯವರ ಮುಖ ಓದುವುದು. ಸಂತೋಷ, ದುಃಖ, ಕೋಪ, ಭಯ, ಅಸಹ್ಯ, ಆಶ್ಚರ್ಯ ಎಂಬ ಆರು ಭಾವಗಳ ಮುಖಚಿತ್ರ ತೋರಿಸಿ ಇದು ಯಾವುದು ಹೇಳಿ ಎಂದರೆ, ಪಾರ್ಕಿನ್ಸನ್ ಇರುವವರು ಸರಾಸರಿಯಲ್ಲಿ ಹೆಚ್ಚು ತಪ್ಪುತ್ತಾರೆ. ಅದರಲ್ಲೂ ಕೋಪ, ಭಯ, ಅಸಹ್ಯ, ದುಃಖಗಳಲ್ಲಿ. ಸಂತೋಷದಲ್ಲಿ ತಪ್ಪು ಕಡಿಮೆ. ಇದಕ್ಕೆ ತಕ್ಷಣ ದೊಡ್ಡ ಅರ್ಥ ಹಚ್ಚಬೇಡಿ. ಆ ಆರರಲ್ಲಿ ಖಚಿತವಾಗಿ ಹಿತವಾದದ್ದು ಸಂತೋಷ ಒಂದೇ, ಬಾಯಿ ಅಗಲವಾಗಿದ್ದರೆ ಸಾಕು, ಯಾರೂ ಹೇಳಿಬಿಡುತ್ತಾರೆ. ಭಯಕ್ಕೂ ಆಶ್ಚರ್ಯಕ್ಕೂ ವ್ಯತ್ಯಾಸ ಹೇಳುವುದು ಆರೋಗ್ಯವಂತರಿಗೂ ಕಷ್ಟ. ಅಂದರೆ ಪರೀಕ್ಷೆಯ ಕಷ್ಟವೂ ಈ ಫಲಿತಾಂಶದಲ್ಲಿ ಸೇರಿಕೊಂಡಿದೆ.

ಎದುರಿನವರ ನಗು ನೋಡಿದಾಗ ನಮ್ಮ ಕೆನ್ನೆಯ ಸ್ನಾಯು ಕಣ್ಣಿಗೆ ಕಾಣದಷ್ಟು ಅಲುಗುತ್ತದೆ, ಆ ಅಲುಗಾಟವೇ ಅವರ ಭಾವವನ್ನು ನಮಗೆ ತಿಳಿಸಲು ನೆರವಾಗುತ್ತದೆ ಎಂದೊಂದು ವಾದವಿದೆ. ರೋಗಿಯ ಮುಖ ಅಲುಗುವುದಿಲ್ಲ, ಅದಕ್ಕೇ ಬೇರೆಯವರ ಮುಖ ಓದಲಾರರು ಎಂದು ಅದನ್ನು ಇಲ್ಲಿಗೂ ತರುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ದನಿಯಲ್ಲಿನ ಭಾವ ಗುರುತಿಸುವುದರಲ್ಲೂ ಈ ರೋಗಿಗಳು ಹಿಂದೆ ಬೀಳುತ್ತಾರೆ. ಮುಖದ ಸ್ನಾಯು ಒಂದರಿಂದಲೇ ಎಲ್ಲವನ್ನೂ ವಿವರಿಸುವುದಾದರೆ ದನಿಯ ಲೆಕ್ಕ ಎಲ್ಲಿ ಹೋಯಿತು?

ಈಗ ಇಇಜಿಗೆ ಬರೋಣ. ನೆತ್ತಿಯ ಮೇಲೆ ಸಿಗುವ ವಿದ್ಯುತ್ತು ಮೈಕ್ರೋವೋಲ್ಟ್ ಲೆಕ್ಕದ್ದು, ಅಂದರೆ ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲಿನ ಲೆಕ್ಕ. ಸಾಮಾನ್ಯ ಅಲೆಗಳು 10ರಿಂದ 100 ಮೈಕ್ರೋವೋಲ್ಟ್. ಒಂದು ಚಿತ್ರ ನೋಡಿದ್ದಕ್ಕೆ ಮೆದುಳು ಕೊಡುವ ಉತ್ತರ ಬರೀ ಕೆಲವೇ ಮೈಕ್ರೋವೋಲ್ಟ್. ಒಮ್ಮೆ ಕಣ್ಣು ಮಿಟುಕಿಸಿದರೆ ಹಣೆಯ ಎಲೆಕ್ಟ್ರೋಡಿನಲ್ಲಿ, ಅಂದರೆ ವಿದ್ಯುತ್ತು ಹಿಡಿಯುವ ಬಿಲ್ಲೆಯಲ್ಲಿ, ಅದರ ಹತ್ತಾರು ಪಟ್ಟು ಏಳುತ್ತದೆ. ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳಿಸಿಕೊಳ್ಳುವ ಕೆಲಸ ಇದು.

ಅಡ್ಡಮಾತು ಒಂದು ಹೇಳಿಬಿಡುತ್ತೇನೆ. ಮನುಷ್ಯನ ಇಇಜಿಯನ್ನು ಮೊದಲು ದಾಖಲಿಸಿದವರು ಜರ್ಮನಿಯ ಹ್ಯಾನ್ಸ್ ಬರ್ಗರ್. 1924ರಲ್ಲಿ ದಾಖಲಿಸಿದರು, 1929ರಲ್ಲಿ ಪ್ರಕಟಿಸಿದರು. ಅವರನ್ನು ಈ ದಾರಿಗೆ ಹಚ್ಚಿದ್ದು ಒಬ್ಬರ ಮನಸ್ಸಿನಿಂದ ಇನ್ನೊಬ್ಬರ ಮನಸ್ಸಿಗೆ ವಿಷಯ ತಲುಪುತ್ತದೆ ಎಂಬ ನಂಬಿಕೆ. ಅದು ಸಿಗಲಿಲ್ಲ, ಅಲೆ ಸಿಕ್ಕಿತು. ನೂರು ವರ್ಷವಾದರೂ ಇಇಜಿ ಎಂದರೆ ಮನಸ್ಸು ಓದುವ ಯಂತ್ರ ಎಂಬ ಆಸೆ ಮಾತ್ರ ಹೋಗಿಲ್ಲ. ಆ ಆಸೆ ಎಲ್ಲಿ ಮೋಸ ಮಾಡುತ್ತದೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಅಲೆಗಳನ್ನು ಸೆಕೆಂಡಿಗೆ ಎಷ್ಟು ಬಾರಿ ಏರಿಳಿಯುತ್ತವೆ ಎಂಬುದರ ಮೇಲೆ ಹೆಸರಿಸುತ್ತಾರೆ. 4 ಹರ್ಟ್ಸ್‌ಗಿಂತ ಕೆಳಗೆ ಡೆಲ್ಟಾ, 4ರಿಂದ 8 ಥೀಟಾ, 8ರಿಂದ 13 ಆಲ್ಫಾ, 13ರಿಂದ 30 ಬೀಟಾ, ಅದರ ಮೇಲೆ ಗಾಮಾ. ಪಾರ್ಕಿನ್ಸನ್‌ನಲ್ಲಿ, ಅದರಲ್ಲೂ ನೆನಪು ಮತ್ತು ಯೋಚನಾಶಕ್ತಿ ಕುಂದುತ್ತಿರುವವರಲ್ಲಿ, ಅಲೆಗಳು ಒಟ್ಟಾರೆ ನಿಧಾನವಾಗುತ್ತವೆ. ಆಲ್ಫಾ ಕೆಳಗೆ ಜಾರುತ್ತದೆ, ಥೀಟಾ ಹೆಚ್ಚುತ್ತದೆ. ಮೆದುಳಿನ ಆಳದಲ್ಲಿದ್ದು ಚಲನೆಯನ್ನು ಹತೋಟಿಯಲ್ಲಿಡಲು ನೆರವಾಗುವ ಸಬ್‌ಥಲಾಮಿಕ್ ನ್ಯೂಕ್ಲಿಯಸ್‌ನಲ್ಲಿ ಬೀಟಾ ವಿಪರೀತವಾಗಿರುತ್ತದೆ. ಮೆದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪಾ ಮಾತ್ರೆ ಕೊಟ್ಟರೆ ಅದು ತಗ್ಗುತ್ತದೆ, ಬಿಗಿತವೂ ನಿಧಾನವೂ ಜೊತೆಗೆ ತಗ್ಗುತ್ತವೆ. ಇದು ಚಲನೆಯ ಕಥೆ.

ಭಾವನೆಗೆ ಬಂದರೆ ಅಲೆಯ ವೇಗಕ್ಕಿಂತ ಹೊತ್ತಿನ ಲೆಕ್ಕ ಹೆಚ್ಚು ತಿಳಿಸುತ್ತದೆ. ಇಇಜಿಯ ನಿಜವಾದ ಬಲ ಇರುವುದೇ ಸೆಕೆಂಡಿನ ಸಾವಿರದಲ್ಲೊಂದು ಪಾಲಿನವರೆಗೆ, ಅಂದರೆ ಮಿಲಿಸೆಕೆಂಡಿನವರೆಗೆ, ಹೊತ್ತು ಬಿಡಿಸಿ ನೋಡುವುದರಲ್ಲಿ. ಪರದೆಯ ಮೇಲೆ ಕೋಪದ ಮುಖ ಮೂಡಿತು ಎಂದುಕೊಳ್ಳಿ. ಸುಮಾರು 100 ಮಿಲಿಸೆಕೆಂಡಿಗೆ ಹಿಂದಲೆಯಲ್ಲಿ ಮೊದಲ ಅಲೆ, ಅದು ಬರೀ ನೋಟದ್ದು, ಬೆಳಕು ಕತ್ತಲೆಗಳ ಲೆಕ್ಕ. 170ರ ಹೊತ್ತಿಗೆ ಕಿವಿಯ ಹಿಂಭಾಗದ ಕಡೆ, ಬಲಗಡೆ ಹೆಚ್ಚಾಗಿ, ಕೆಳಮುಖದ ಅಲೆ. ಇದು ಮುಖ ಎಂದು ಮೆದುಳು ಗುರುತು ಹಿಡಿದದ್ದರ ಸದ್ದು. 200ರಿಂದ 300ರ ನಡುವೆ ಹಿಂದಲೆಯಲ್ಲಿ ಇನ್ನೊಂದು ಇಳಿತ, ಭಾವ ತುಂಬಿದ ಚಿತ್ರವಾದರೆ ಅದು ಹೆಚ್ಚು ಆಳ. ಇದಕ್ಕೆ ಗಮನ ಕೊಡಬೇಕು ಎಂದು ಮೆದುಳು ನಾವು ಹೇಳುವ ಮುಂಚೆಯೇ ಆರಿಸಿಕೊಂಡ ಗುರುತು ಅದು. 400 ದಾಟಿದ ಮೇಲೆ ನೆತ್ತಿಯ ನಡುವೆ ಒಂದು ಅಗಲವಾದ ಮೇಲ್ಮುಖ ಅಲೆ ಏಳುತ್ತದೆ. ಚಿತ್ರ ಎದುರಿಗಿರುವಷ್ಟು ಹೊತ್ತೂ ನಿಲ್ಲಬಲ್ಲದು. ನೋಡಿದ್ದನ್ನು ಮನಸ್ಸು ಕೈಬಿಡದೆ ಹಿಡಿದುಕೊಂಡಿರುವ ಹಂತ ಇದು.

ಒಂದು ಅಲೆಯ ಎತ್ತರವನ್ನು ಒಂಟಿಯಾಗಿ ಓದುವುದಿಲ್ಲ. ಭಾವದ ಚಿತ್ರಕ್ಕೂ, ಕುರ್ಚಿ ಬುಟ್ಟಿಯಂಥ ಸಪ್ಪೆ ಚಿತ್ರಕ್ಕೂ ಇರುವ ವ್ಯತ್ಯಾಸವನ್ನು ಓದಬೇಕು. ಆಗ ಆ ಮೂರು ಪ್ರಶ್ನೆಗಳು ಸ್ವಲ್ಪ ಬಿಡಿಸಿಕೊಳ್ಳುತ್ತವೆ. ಮೊದಲ ಅಲೆಯೇ ತಡವಾದರೆ ತೊಂದರೆ ನೋಟದಲ್ಲಿ. ಇಳಿತದ ವ್ಯತ್ಯಾಸ ಮಾಯವಾದರೆ ಆರಿಸಿಕೊಳ್ಳುವುದರಲ್ಲಿ. ಅದೂ ಸರಿಯಿದ್ದು ಕೊನೆಯ ಅಗಲದ ಅಲೆ ಚಪ್ಪಟೆಯಾದರೆ ಹಿಡಿದುಕೊಳ್ಳುವುದರಲ್ಲಿ. ಎಲ್ಲವೂ ಸರಿಯಿದ್ದು ಮುಖ ಮಾತ್ರ ಸುಮ್ಮನಿದ್ದರೆ ತೋರಿಸುವುದರಲ್ಲಿ. ಪ್ರಯೋಗಗಳ ಫಲಿತಾಂಶ ಒಂದೇ ತೆರನಾಗಿಲ್ಲ. ಕೆಲವದರಲ್ಲಿ ಆರಂಭದ ಇಳಿತ ಆರೋಗ್ಯವಂತರಷ್ಟೇ ಚೆನ್ನಾಗಿದ್ದು, ಎಷ್ಟು ಕಲಕಿತು ಎಂದು ಅಂಕ ಕೊಡಿ ಎಂದಾಗ ರೋಗಿಗಳು ಕಡಿಮೆ ಕೊಟ್ಟಿದ್ದಾರೆ. ಬೆದರಿಸುವ ಮುಖಗಳನ್ನು ಬಳಸಿದ ಕಡೆ ಆರಂಭದ ಆ ವ್ಯತ್ಯಾಸವೇ ಮಸುಕಾಗಿದೆ. ನನ್ನ ಅಭಿಪ್ರಾಯ ಕೇಳಿದರೆ, ಈ ಭಿನ್ನಾಭಿಪ್ರಾಯದ ಅರ್ಧ ಭಾಗ ಕಾಯಿಲೆಯದ್ದಲ್ಲ, ಅಳತೆಯದ್ದು. ಅದನ್ನೇ ಸ್ವಲ್ಪ ವಿವರವಾಗಿ ನೋಡೋಣ.

ನಾವು ಹುಡುಕುವ ಅಲೆ 3 ಮೈಕ್ರೋವೋಲ್ಟ್, ಸುತ್ತಲಿನ ಗದ್ದಲ 20 ಎಂದಿಟ್ಟುಕೊಳ್ಳಿ. ಒಂದೇ ಚಿತ್ರದ ದಾಖಲೆಯಲ್ಲಿ ಅದು ಕಾಣುವುದೇ ಇಲ್ಲ. ಹಾಗಾಗಿ ಒಂದೇ ಬಗೆಯ ಹಲವು ಚಿತ್ರ ತೋರಿಸಿ ಸರಾಸರಿ ತೆಗೆಯಬೇಕು. ಗದ್ದಲ ತಗ್ಗುವುದು ಚಿತ್ರಗಳ ಸಂಖ್ಯೆಯ ವರ್ಗಮೂಲದಷ್ಟು. 36 ಚಿತ್ರ ತೋರಿಸಿದರೆ ಗದ್ದಲ ಆರನೇ ಒಂದು ಪಾಲಾಗಿ 3.3ಕ್ಕೆ ಇಳಿಯುತ್ತದೆ. ಅಂದರೆ ಆಗಲೂ ಗದ್ದಲ ಅಲೆಯಷ್ಟೇ ಇದೆ! ಕಣ್ಣು ಮಿಟುಕು, ಕತ್ತಿನ ಅಲುಗಾಟ ಎಂದು ಮೂರನೇ ಒಂದು ಭಾಗ ಕಿತ್ತೆಸೆದು 24 ಉಳಿದರೆ ಗದ್ದಲ ಮತ್ತೆ 4ಕ್ಕೆ ಏರುತ್ತದೆ. ಅದಕ್ಕೇ ಅಕ್ಕಪಕ್ಕದ ನಾಲ್ಕಾರು ಎಲೆಕ್ಟ್ರೋಡುಗಳನ್ನು ಸೇರಿಸಿ ಸರಾಸರಿ ಮಾಡುತ್ತಾರೆ, ಹಲವು ಮಂದಿಯನ್ನು ಸೇರಿಸುತ್ತಾರೆ. ಒಬ್ಬ ರೋಗಿಯ ಅಲೆಯನ್ನು ಹಿಡಿದು "ಇವರಿಗೆ ಭಾವನೆ ಕಡಿಮೆ" ಎಂದು ವರದಿ ಬರೆಯಲು ಆಗದಿರುವುದಕ್ಕೆ ಕಾರಣ ಈ ಲೆಕ್ಕವೇ.

ಹಾಗಾದರೆ ಒಬ್ಬರಿಗೆ ನೂರಾರು ಚಿತ್ರ ತೋರಿಸಿದರಾಯಿತಲ್ಲ ಎನ್ನಬಹುದು. ಮೂರು ಬಗೆ, ಬಗೆಗೆ 40 ಚಿತ್ರ, ಒಟ್ಟು 120. ಪ್ರತಿ ಚಿತ್ರ ಒಂದೂವರೆ ಸೆಕೆಂಡು, ನಡುವೆ ಎರಡು ಸೆಕೆಂಡು ಬಿಡುವು, ಅಂಕ ಕೊಡಲು ಐದು ಸೆಕೆಂಡು. 17 ನಿಮಿಷ ಆಯಿತು. ಎಲೆಕ್ಟ್ರೋಡುಗಳ ಟೋಪಿ ಹಾಕಿ ಜೆಲ್ ತುಂಬಲು ಅದಕ್ಕೆ ಮೊದಲೇ ಅರ್ಧ ಗಂಟೆ ಹೋಗಿದೆ. ಇದಕ್ಕಿಂತ ಎಳೆದರೆ ರೋಗಿ ದಣಿಯುತ್ತಾರೆ, ತೂಕಡಿಕೆ ಬರುತ್ತದೆ, ತೂಕಡಿಕೆಯಲ್ಲಿ ಥೀಟಾ ಏರುತ್ತದೆ. ಅದನ್ನು ಕಾಯಿಲೆಯ ಥೀಟಾ ಎಂದು ಓದಿಬಿಡುವ ಅಪಾಯ ಬೇರೆ.

ಈಗ ಪಾರ್ಕಿನ್ಸನ್‌ಗೇ ಮೀಸಲಾದ ತೊಡಕುಗಳು. ಇವುಗಳಲ್ಲಿ ಹೆಚ್ಚಿನವು ಪಠ್ಯಪುಸ್ತಕದ ಇಇಜಿ ಅಧ್ಯಾಯದಲ್ಲಿ ಸಿಗುವುದಿಲ್ಲ.

ತಲೆಯ ಚರ್ಮದಿಂದ ಶುರು ಮಾಡೋಣ. ಈ ರೋಗಿಗಳಲ್ಲಿ ನೆತ್ತಿ ಎಣ್ಣೆಯಾಗಿ ಹೊಟ್ಟು ಏಳುವುದು ಸಾಮಾನ್ಯ. ಎಣ್ಣೆಯ ಪದರದ ಮೇಲೆ ಎಲೆಕ್ಟ್ರೋಡ್ ಕೂರಿಸಿದರೆ ವಿದ್ಯುತ್ತಿಗಿರುವ ತಡೆ 5 ಕಿಲೋಓಮ್‌ಗಿಂತ ಕೆಳಗೆ ಇಳಿಯುವುದೇ ಇಲ್ಲ. ಹಿಂದಿನ ದಿನ ತಲೆ ತೊಳೆದು, ಎಣ್ಣೆ ಕ್ರೀಮು ಹಚ್ಚದೆ ಬರಲು ಹೇಳಬೇಕು. ಆದರೂ ಎಲೆಕ್ಟ್ರೋಡಿನ ಜಾಗದಲ್ಲಿ ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ, ಆರಿದ ಮೇಲೆ ಮೆಲ್ಲಗೆ ಉಜ್ಜಿ ಜೆಲ್ ತುಂಬಬೇಕಾಗುತ್ತದೆ. ಬೆವರು ಹೆಚ್ಚಿದ್ದರೆ ಅಲೆಯ ಗೆರೆ ಹಾವಿನಂತೆ ನಿಧಾನವಾಗಿ ತೇಲಾಡುತ್ತದೆ, ಕೋಣೆ ತಂಪಾಗಿಟ್ಟರೆ ಅರ್ಧ ಸಮಸ್ಯೆ ಮುಗಿಯಿತು.

ಎರಡನೆಯದು ನಡುಕ. ಕೈ ಸುಮ್ಮನಿದ್ದಾಗ ಬರುವ ನಡುಕದ ವೇಗ ಸೆಕೆಂಡಿಗೆ 4ರಿಂದ 6 ಸಲ. ಥೀಟಾ ಅಲೆಯ ವೇಗವೂ ಹೆಚ್ಚು ಕಡಿಮೆ ಅದೇ. ಕೈಯ ನಡುಕ ಭುಜಕ್ಕೆ, ಭುಜದಿಂದ ತಲೆಗೆ, ತಲೆಯಿಂದ ವೈರಿಗೆ ದಾಟಿದರೆ ಇಇಜಿಯಲ್ಲಿ ಚೆಂದದ 5 ಹರ್ಟ್ಸ್ ಅಲೆ ಮೂಡುತ್ತದೆ. ಮೆದುಳಿಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಅಲ್ಲಿಗೇ ನಿಲ್ಲುವುದಿಲ್ಲ, 5 ಹರ್ಟ್ಸ್ ನಡುಕಕ್ಕೆ 10 ಹರ್ಟ್ಸ್‌ನಲ್ಲಿ ಒಂದು ಮರಿ ಅಲೆ ಇರುತ್ತದೆ, ಅದು ನೇರ ಆಲ್ಫಾದ ಮೇಲೆ ಹೋಗಿ ಕೂರುತ್ತದೆ. ಇದಕ್ಕೆ ಫಿಲ್ಟರ್ ಮದ್ದಲ್ಲ. ಫಿಲ್ಟರ್ ಹಾಕಿದರೆ ನಡುಕದ ಜೊತೆ ನಿಜವಾದ ಅಲೆಯೂ ಹೋಗುತ್ತದೆ. ಮೊಣಕೈ ಕೆಳಗೆ ದಿಂಬು, ತಲೆಗೆ ಒರಗು, ವೈರುಗಳನ್ನು ಒಟ್ಟಿಗೆ ಕಟ್ಟಿ ಭುಜಕ್ಕೆ ಅಂಟಿಸುವುದು. ಜೊತೆಗೆ ಮಣಿಕಟ್ಟಿಗೆ ಒಂದು ಚಲನೆ ಅಳೆಯುವ ಸೆನ್ಸರ್ ಕಟ್ಟಿ, ಅದರ ದಾಖಲೆಯೊಂದಿಗೆ ಇಇಜಿಯನ್ನು ಹೋಲಿಸಿ ನೋಡಲೇಬೇಕು. ಎರಡೂ ಹೆಜ್ಜೆಗೆ ಹೆಜ್ಜೆ ಹಾಕುತ್ತಿದ್ದರೆ ಅದು ಮೆದುಳಿನದೇ ಎಂದು ಹೇಳಿಕೊಳ್ಳಬೇಡಿ. ಕತ್ತು, ದವಡೆಯ ಬಿಗಿತದ್ದು ಇನ್ನೊಂದು ಕಾಟ. ಬಿಗಿದ ಸ್ನಾಯುವಿನ ವಿದ್ಯುತ್ತು 20 ಹರ್ಟ್ಸ್‌ನಿಂದ ಮೇಲಕ್ಕೆ ಹರಡಿರುತ್ತದೆ, ಬೀಟಾ ಗಾಮಾಗಳನ್ನು ಮುಳುಗಿಸಿಬಿಡುತ್ತದೆ. ಗಾಮಾದಲ್ಲಿ ಭಾವನೆ ಕಂಡೆವು ಎನ್ನುವ ವರದಿ ಓದುವಾಗ ನಾನು ಮೊದಲು ಹುಡುಕುವುದು ಕತ್ತಿನ ಸ್ನಾಯುವಿಗೆ ಏನು ಮಾಡಿದರು ಎಂಬುದನ್ನು.

ಮೂರನೆಯದು ಮಾತ್ರೆ. ಲೆವೊಡೋಪಾ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಒಂದೂವರೆ ಗಂಟೆ ಸಾಕು. ಮಾತ್ರೆ ತೆಗೆದುಕೊಂಡು ಒಂದು ಗಂಟೆಗೆ ಕೂರಿಸಿದ ರೋಗಿ, ನಾಲ್ಕು ಗಂಟೆಗೆ ಕೂರಿಸಿದ ರೋಗಿ ಒಂದೇ ಅಲ್ಲ. ಹಾಗಾಗಿ ಔಷಧ ಇಲ್ಲದ ಸ್ಥಿತಿ ಎಂದರೆ ರಾತ್ರಿಯಿಂದ ಕನಿಷ್ಠ 12 ಗಂಟೆ ಬಿಟ್ಟದ್ದು ಎಂದು ಒಪ್ಪಿಕೊಂಡಿದ್ದಾರೆ. ಇದು ವೈದ್ಯರ ನಿಗಾದಲ್ಲಿ ಮಾತ್ರ ಮಾಡುವ ಕೆಲಸ. ಮನೆಯಲ್ಲಿ ಯಾರೂ ತಾವಾಗಿ ಮಾತ್ರೆ ನಿಲ್ಲಿಸಬಾರದು, ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವಾಗಬಹುದು. ಇನ್ನೊಂದು ಮಾತ್ರೆ ಕಣ್ಣಿಗೆ ಬೀಳದೆ ಆಟವಾಡುತ್ತದೆ. ನಿದ್ರೆಯಲ್ಲಿ ಕನಸಿನಂತೆಯೇ ಕೈಕಾಲು ಬೀಸುವ ರೋಗಿಗಳಿಗೆ ರಾತ್ರಿ ಕ್ಲೊನಾಜೆಪಾಮ್ ಕೊಡುವುದುಂಟು. ಆ ಗುಂಪಿನ ಮಾತ್ರೆಗಳು ಬೀಟಾವನ್ನು ಏರಿಸುತ್ತವೆ. ರೋಗಿಗಳ ಗುಂಪಿನಲ್ಲಿ ಬೀಟಾ ಹೆಚ್ಚು ಎಂದು ಸಂಭ್ರಮಿಸುವ ಮೊದಲು ಔಷಧಪಟ್ಟಿ ತಿರುವಿ ನೋಡಬೇಕು.

ಉಳಿದೆರಡನ್ನು ಬೇಗ ಹೇಳುತ್ತೇನೆ. ಕಣ್ಣಿನ ರೆಟಿನಾದಲ್ಲೂ ಡೋಪಮೈನ್ ಇದೆ, ಈ ಕಾಯಿಲೆಯಲ್ಲಿ ಮಸುಕು ಚಿತ್ರಗಳ ಅಂಚು ಗುರುತಿಸುವುದು ಕಷ್ಟವಾಗುತ್ತದೆ. ಮುಖ ಓದಲಾರರು ಎನ್ನುವ ಮುಂಚೆ ಮುಖ ಸರಿಯಾಗಿ ಕಾಣುತ್ತಿದೆಯೇ ಎಂದು ಪರೀಕ್ಷಿಸಿ. ಬೇಗ ಗುಂಡಿ ಒತ್ತಿ ಎಂದು ಹೇಳುವ ಪರೀಕ್ಷೆಯಂತೂ ಬೇಡವೇ ಬೇಡ. ನಿಧಾನವಾದದ್ದು ಬೆರಳೋ ಭಾವನೆಯೋ ಎಂದು ಆಮೇಲೆ ಹೇಳಲಾಗದು. ಬಾಯಲ್ಲಿ ಉತ್ತರ ಹೇಳಿಸಿ, ಅದೂ ಚಿತ್ರ ಮರೆಯಾದ ಮೇಲೆ.

ಇಷ್ಟೆಲ್ಲ ಗದ್ದಲವನ್ನು ದಾಟಿ ನೇರ ಒಳಗಿನಿಂದಲೇ ಕೇಳಿಸಿಕೊಂಡ ಸಂದರ್ಭವೂ ಇದೆ. ಮೆದುಳಿನ ಆಳಕ್ಕೆ ಎಲೆಕ್ಟ್ರೋಡ್ ಇಳಿಸಿ ಸುಮಾರು 130 ಹರ್ಟ್ಸ್‌ನಲ್ಲಿ ಪ್ರಚೋದಿಸುವ ಚಿಕಿತ್ಸೆ ನಿಮಗೆ ಗೊತ್ತಿರಬಹುದು. ಶಸ್ತ್ರಚಿಕಿತ್ಸೆಯಾಗಿ ಯಂತ್ರ ಜೋಡಿಸುವ ಮೊದಲು ಕೆಲವು ದಿನ ವೈರಿನ ತುದಿ ಹೊರಗಿರುವಾಗ, ರೋಗಿಯ ಒಪ್ಪಿಗೆಯೊಂದಿಗೆ, ಆ ಎಲೆಕ್ಟ್ರೋಡಿನಿಂದಲೇ ಅಲೆ ದಾಖಲಿಸಬಹುದು. 2005ರಲ್ಲಿ ಪ್ರಕಟವಾದ ಇಂಥದೊಂದು ಅಧ್ಯಯನದಲ್ಲಿ ಹಿತವಾದ ಮತ್ತು ಅಹಿತವಾದ ಚಿತ್ರ ತೋರಿಸಿದಾಗ ಸಬ್‌ಥಲಾಮಿಕ್ ಭಾಗದ 8ರಿಂದ 12 ಹರ್ಟ್ಸ್ ಅಲೆ ಅರ್ಧ ಸೆಕೆಂಡಿನ ನಂತರ ಕುಸಿಯಿತು. ಸಪ್ಪೆ ಚಿತ್ರಕ್ಕೆ ಅಷ್ಟು ಕುಸಿಯಲಿಲ್ಲ. ಬರೀ ಚಲನೆಯ ಜಾಗ ಎಂದುಕೊಂಡಿದ್ದಲ್ಲಿ ಭಾವನೆಗೂ ಕೆಲಸವಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಕಡಿಮೆ. ಆ ಚಿಕಿತ್ಸೆಯಾದ ಕೆಲವರಲ್ಲಿ ಮನಃಸ್ಥಿತಿ ಏರುಪೇರಾಗುವುದು ಯಾಕೆಂಬುದಕ್ಕೂ ಇಲ್ಲೇ ಒಂದು ಸುಳಿವಿದೆ.

ಆಗ ಹೇಳಿದ ಮನಸ್ಸು ಓದುವ ಯಂತ್ರದ ಆಸೆಗೆ ಈಗ ಬರುತ್ತೇನೆ. ಇಇಜಿಯನ್ನು ಕಂಪ್ಯೂಟರಿಗೆ ಕೊಟ್ಟು ಈ ರೋಗಿ ಆರು ಭಾವಗಳಲ್ಲಿ ಯಾವುದರಲ್ಲಿದ್ದಾರೆ ಎಂದು ಹೇಳಿಸುವ ಪ್ರಯತ್ನಗಳು ಸುಮಾರು 2014ರಿಂದ ಬರುತ್ತಿವೆ. ತಲೆಗೆ 14 ಎಲೆಕ್ಟ್ರೋಡಿನ ತಂತಿಯಿಲ್ಲದ ಸಾಧನ ಹಾಕಿ, ಚಿತ್ರ ಮತ್ತು ಸದ್ದು ಎರಡನ್ನೂ ಸೇರಿಸಿ ತೋರಿಸಿ ಮಾಡಿದ ಅಧ್ಯಯನಗಳವು. ಕಣ್ಣುಮುಚ್ಚಿ ಊಹಿಸಿದರೂ ಆರರಲ್ಲಿ ಒಂದು ಸರಿಯಾಗುತ್ತದೆ, ಅಂದರೆ ನೂರಕ್ಕೆ ಸುಮಾರು 17. ಅದಕ್ಕಿಂತ ಎಷ್ಟು ಮೇಲೆ ಎಂಬುದೇ ಪ್ರಶ್ನೆ. ಇಲ್ಲಿ ಮೋಸ ಹೀಗಾಗುತ್ತದೆ: ಒಬ್ಬ ವ್ಯಕ್ತಿಯ ದಾಖಲೆಯನ್ನು ಸಣ್ಣ ಸಣ್ಣ ತುಂಡು ಮಾಡಿ, ಕೆಲವನ್ನು ಕಲಿಸಲು, ಕೆಲವನ್ನು ಪರೀಕ್ಷಿಸಲು ಬಳಸುತ್ತಾರೆ. ಒಂದೇ ವಿಡಿಯೊ ನೋಡುವಾಗಿನ ಅಕ್ಕಪಕ್ಕದ ಎರಡು ತುಂಡುಗಳು ಅವಳಿ ಮಕ್ಕಳ ಹಾಗೆ. ಕಂಪ್ಯೂಟರು ಗುರುತಿಸುವುದು ದುಃಖವನ್ನಲ್ಲ, ಆ ವ್ಯಕ್ತಿಯ ಆ ನಿಮಿಷವನ್ನು. ಅಂಕ 90 ದಾಟುತ್ತದೆ. ಅದೇ ಯಂತ್ರಕ್ಕೆ ಹಿಂದೆಂದೂ ನೋಡದ ರೋಗಿಯ ದಾಖಲೆ ಕೊಟ್ಟರೆ ಅಂಕ ಕುಸಿದುಬೀಳುತ್ತದೆ. ಇಂಥ ವರದಿ ಕೈಗೆ ಬಂದಾಗ ಕೇಳಬೇಕಾದದ್ದು ಒಂದೇ ಪ್ರಶ್ನೆ: ಪರೀಕ್ಷೆಗೆ ಬಳಸಿದ ವ್ಯಕ್ತಿಯ ಒಂದಾದರೂ ತುಂಡು ಕಲಿಕೆಯಲ್ಲಿ ಸೇರಿತ್ತೇ?

ಔಷಧದಿಂದ ಭಾವನೆ ಸುಧಾರಿಸುತ್ತದೆಯೇ ಎಂದು ಕೇಳುವವರು ಬಹಳ. ಚಲನೆಯಷ್ಟು ನೇರವಾದ ಉತ್ತರ ಇಲ್ಲಿಲ್ಲ. ಕಾಯಿಲೆಯ ಮೊದಲ ವರ್ಷಗಳಲ್ಲಿ ಚಲನೆಗೆ ಬೇಕಾದ ಭಾಗದಲ್ಲಿ ಡೋಪಮೈನ್ ಬಹಳ ಕಡಿಮೆಯಾಗಿರುತ್ತದೆ, ಖುಷಿ ಮತ್ತು ಬಹುಮಾನಕ್ಕೆ ಸಂಬಂಧಿಸಿದ ಕೆಳಭಾಗದಲ್ಲಿ ಅಷ್ಟು ಕಡಿಮೆಯಾಗಿರುವುದಿಲ್ಲ. ಕೈಗೆ ಸಾಕಾಗುವಷ್ಟು ಮಾತ್ರೆ ಕೊಟ್ಟರೆ ಆ ಇನ್ನೊಂದು ಭಾಗಕ್ಕೆ ಅದು ಅತಿಯಾಗಬಹುದು. ಒಣಗಿದ ಪಾತಿಗೆಂದು ಬಿಟ್ಟ ನೀರು ಪಕ್ಕದ ಹಸಿ ಪಾತಿಯಲ್ಲಿ ನಿಂತ ಹಾಗೆ. ಕೆಲವು ಔಷಧಗಳಲ್ಲಿ, ಮುಖ್ಯವಾಗಿ ಡೋಪಮೈನಿನಂತೆಯೇ ಕೆಲಸ ಮಾಡುವ ಡೋಪಮೈನ್ ಅಗೊನಿಸ್ಟ್ ಗುಂಪಿನಲ್ಲಿ, ಜೂಜು, ಮಿತಿಮೀರಿದ ಖರೀದಿ, ಅತಿಯಾಗಿ ತಿನ್ನುವಂಥ ಹಿಡಿತ ತಪ್ಪುವ ನಡವಳಿಕೆ ಕಾಣಿಸುವುದು ಈ ಕಾರಣಕ್ಕೆ. ಅದನ್ನು ಚಾರಿತ್ರ್ಯದ ದೋಷ ಎಂದುಕೊಂಡು ಮನೆಯಲ್ಲಿ ಮುಚ್ಚಿಡಬೇಡಿ, ವೈದ್ಯರಿಗೆ ಹೇಳಿದರೆ ಔಷಧ ಬದಲಿಸಬಹುದು.

ಮತ್ತೆ ಆ ಮೊಮ್ಮಗುವಿನ ಪ್ರಶ್ನೆಗೆ. ಮುಖ ಸುಮ್ಮನಿರುವುದು, ಖಿನ್ನತೆ, ನಿರಾಸಕ್ತಿ ಮೂರನ್ನೂ ಮನೆಯಲ್ಲಿ ಬೇರ್ಪಡಿಸಲು ಇಇಜಿ ಬೇಕಿಲ್ಲ, ಮಾತು ಬೇಕು. ಖಿನ್ನತೆಯಲ್ಲಿ ನೋವಿದೆ. "ಬೇಸರವಾಗಿದೆಯಾ, ಯಾಕಾದರೂ ಬದುಕಿದ್ದೇನೆ ಅನ್ನಿಸುತ್ತಾ" ಎಂದು ಕೇಳಿದರೆ ಹೌದು ಎನ್ನುತ್ತಾರೆ. ನಿರಾಸಕ್ತಿಯಲ್ಲಿ ನೋವೂ ಇರುವುದಿಲ್ಲ. ಬೇಸರವಿಲ್ಲ, ಆದರೆ ಏನು ಮಾಡಲೂ ಮನಸ್ಸಿಲ್ಲ ಎನ್ನುತ್ತಾರೆ, ಅದರಿಂದ ಕಂಗೆಡುವವರು ಜೊತೆಗಿರುವವರು. ಬರೀ ಮುಖದ ತೊಂದರೆಯಾದರೆ "ಮಗು ಬಂದಾಗ ಹೇಗನ್ನಿಸಿತು" ಎಂದ ಕೂಡಲೇ ಮಾತಿನಲ್ಲಿ ಖುಷಿ ಹೊರಬರುತ್ತದೆ, ಮುಖ ಹಾಗೇ ಇದ್ದರೂ. ನಿದ್ರೆ, ದಣಿವು, ನಿಧಾನಗತಿ ಖಿನ್ನತೆಯ ಪಟ್ಟಿಯಲ್ಲೂ ಇವೆ, ಪಾರ್ಕಿನ್ಸನ್ ಪಟ್ಟಿಯಲ್ಲೂ ಇವೆ, ಅವುಗಳಿಂದ ತೀರ್ಮಾನ ಬೇಡ.

ಈ ಪ್ರಶ್ನೆಗಳನ್ನು ಮಾತ್ರೆ ಚೆನ್ನಾಗಿ ಹಿಡಿದಿರುವ ಹೊತ್ತಿನಲ್ಲಿ ಕೇಳಿ. ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಎದುರಿಗೆ ಕೂತು, ನಿಮ್ಮ ಖುಷಿ ಅಥವಾ ಕೋಪವನ್ನು ಮುಖದಲ್ಲಿ ಮಾತ್ರ ತೋರಿಸದೆ ಬಾಯಿಬಿಟ್ಟು ಹೇಳಿ. ಒಮ್ಮೆಗೆ ಒಂದೇ ಪ್ರಶ್ನೆ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಏಳಕ್ಕೋ ಎಂಟಕ್ಕೋ ತಾಳ್ಮೆ ತಪ್ಪಿ ನಾವೇ ಉತ್ತರ ಹೇಳಿಬಿಡುತ್ತೇವೆ, ಅವರ ಉತ್ತರ ಹೊರಟಿರುವುದು ಒಂಬತ್ತಕ್ಕೆ.